ಹೊಸ ಟಿಲ್ಲರ್ ಕೆಸರಿಗಿಳಿಸುವ ಮುಂಚೆ

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟರು ಅಂತ ಸುದ್ದಿ ಬಂದರೆ ಸಾಕು, ಮದ್ದೂರು, ಮಂಡ್ಯ, ಪಾಂಡವಪುರದ ಮೆಕ್ಯಾನಿಕ್ ಅಂಗಡಿಗಳ ಮುಂದೆ, ಹ್ಯಾಂಡಲ್ ಹಿಡಿದು ಹಿಂದೆ ನಡೆಯುತ್ತಾ ಗದ್ದೆ ಉಳುವ ಪವರ್ ಟಿಲ್ಲರ್‌ಗಳು ಸಾಲುಗಟ್ಟುತ್ತವೆ. ಆ ಸಾಲಿನಲ್ಲಿ ಹಳೇ ಗಾಡಿಗಳಷ್ಟೇ ಇರುವುದಿಲ್ಲ. ಬಣ್ಣ ಮಾಸದ, ಹ್ಯಾಂಡಲ್ ಮೇಲೆ ಪೂಜೆಯ ಕುಂಕುಮ ಇನ್ನೂ ಅಳಿಸದ ಹೊಸ ಟಿಲ್ಲರ್‌ಗಳೂ ಇರುತ್ತವೆ. ಅತ್ತ ಒಟ್ಲು (ಭತ್ತದ ಸಸಿಮಡಿ) ಬಲಿತಿರುತ್ತದೆ, ನಾಟಿಗೆ ಆಳು ಹೇಳಿ ಆಗಿರುತ್ತದೆ. ಇತ್ತ ಮಾಲೀಕ ಕೈಯಲ್ಲಿ ಹರಿದ ಬೆಲ್ಟ್ ಹಿಡಿದು ತನ್ನ ಸರದಿ ಕಾಯುತ್ತಿರುತ್ತಾನೆ.

ನಮ್ಮ ಮನೆಗೆ ಟಿಲ್ಲರ್ ಬಂದ ವರ್ಷ ನಾನೂ ಹಾಗೆ ನಿಂತಿದ್ದೆ. ಆಗ ಮೆಕ್ಯಾನಿಕ್ ಅಣ್ಣ ಹೇಳಿದ ಮಾತು ಇನ್ನೂ ನೆನಪಿದೆ: "ಹೊಸ ಗಾಡಿ ಅಂತ ನಂಬ್ಕಬೇಡ ಕಣಪ್ಪ. ಫ್ಯಾಕ್ಟರಿಯೋರು ಅರ್ಧ ಮಾಡಿ ಕಳಿಸ್ತಾರೆ. ಮಿಕ್ಕರ್ಧ ನಿನ್ ಗದ್ದೆಗೆ ತಕ್ಕಂಗೆ ನೀನೇ ಮಾಡ್ಕಬೇಕು." ಆ ಮಿಕ್ಕ ಅರ್ಧ ಯಾವುದು, ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಈ ಲೇಖನ. ಇಲ್ಲಿ ಹೇಳುತ್ತಿರುವುದು ನಮ್ಮ ಕಡೆ ಜಾಸ್ತಿ ಓಡುವ 12ರಿಂದ 15 ಅಶ್ವಶಕ್ತಿಯ, ಒಂದೇ ಸಿಲಿಂಡರಿನ ಡೀಸೆಲ್ ಟಿಲ್ಲರ್ ಬಗ್ಗೆ.

ಮೊದಲು ಒಣ ನೆಲ, ಆಮೇಲೆ ಕೆಸರು

ಶೋರೂಮಿನಿಂದ ಬಂದ ಟಿಲ್ಲರ್ ಅನ್ನು ನೇರವಾಗಿ ಕೆಸರು ಗದ್ದೆಗೆ ಇಳಿಸಬೇಡಿ. ಕೆಸರಿನ ಉಳುಮೆ ಇಂಜಿನ್‌ಗೆ ತುಂಬಾ ಭಾರ. ಹೊಸ ಪಿಸ್ಟನ್ ರಿಂಗು, ಲೈನರು ಒಂದಕ್ಕೊಂದು ಹೊಂದಿಕೊಳ್ಳುವುದಕ್ಕೆ ಸ್ವಲ್ಪ ಕಾಲ ಬೇಕು. ಹದವಾಗಿರುವ ಹೊಲದಲ್ಲಿ ಒಂದೆರಡು ದಿನ ತೆಳುವಾಗಿ ಉಳುಮೆ ಮಾಡಿ. ಆಕ್ಸಿಲೇಟರ್ ಪೂರ್ತಿ ಕೊಡಬೇಡಿ.

ಮೊದಲ ಒಂದು ಗಂಟೆ ಓಡಿಸಿ ನಿಲ್ಲಿಸಿ, ಸ್ಪ್ಯಾನರ್ ಹಿಡಿದು ಗಾಡಿಯನ್ನು ಒಂದು ಸುತ್ತು ಬನ್ನಿ. ಇಂಜಿನ್ ಕೂರಿಸಿದ ಬೋಲ್ಟು, ಹ್ಯಾಂಡಲ್ ಬುಡದ ಬೋಲ್ಟು, ಚಕ್ರದ ನಟ್ಟು, ಹಿಂದೆ ತಿರುಗುತ್ತಾ ಮಣ್ಣು ಅಗೆಯುವ ರೋಟರಿಯನ್ನು ಗೇರ್‌ಬಾಕ್ಸಿಗೆ ಸೇರಿಸುವ ಬೋಲ್ಟು, ಎಲ್ಲ ನೋಡಿ. ಒಂದೇ ಸಿಲಿಂಡರಿನ ಇಂಜಿನ್ ಕುಲುಕುವುದು ಜಾಸ್ತಿ. ಹೊಸದರಲ್ಲಿ ಬೋಲ್ಟಿನ ಕೆಳಗಿನ ಬಣ್ಣ ಸವೆದು ಹಿಡಿತ ತಾನಾಗೇ ಸಡಿಲವಾಗುತ್ತದೆ. ಬಿಗಿ ಮಾಡಿದ ಮೇಲೆ ಒಂದು ಕೆಲಸ ಮಾಡಿ. ಬಿಳಿ ಪೇಂಟ್ ತಗೊಂಡು ನಟ್ಟಿನಿಂದ ಪಕ್ಕದ ಕಬ್ಬಿಣದವರೆಗೆ ಒಂದು ನೇರ ಗೆರೆ ಎಳೆಯಿರಿ. ಮಾರನೇ ದಿನ ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಅಂತ ಅರ್ಥ. ಹತ್ತು ಬೋಲ್ಟುಗಳನ್ನು ಒಂದೇ ನೋಟದಲ್ಲಿ ನೋಡಬಹುದು, ಪ್ರತಿ ದಿನ ಸ್ಪ್ಯಾನರ್ ಹಿಡಿಯಬೇಕಿಲ್ಲ. ಮನೆ ಹೆಣ್ಮಕ್ಕಳ ಉಗುರು ಬಣ್ಣವೂ ಈ ಕೆಲಸಕ್ಕೆ ಚೆನ್ನಾಗಿ ಆಗುತ್ತದೆ.

ಮೊದಲ ಇಂಜಿನ್ ಆಯಿಲ್ ಅನ್ನು ಕೈಪಿಡಿ ಹೇಳಿದ ಗಂಟೆಗೇ ಬದಲಿಸಿ. ನೋಡೋಕೆ ಚೆನ್ನಾಗೇ ಇದೆಯಲ್ಲ ಅಂತ ಮುಂದೂಡಬೇಡಿ. ಹೊಸ ಇಂಜಿನ್ ಸವೆದು ಹೊಂದಿಕೊಳ್ಳುವಾಗ ಉದುರುವ ಕಬ್ಬಿಣದ ಪುಡಿ ಆ ಆಯಿಲಿನಲ್ಲೇ ಇರುತ್ತದೆ.

ಬೆಲ್ಟು

ಇಂಜಿನ್ನಿನ ಶಕ್ತಿ ಕ್ಲಚ್ಚಿಗೆ ಹೋಗುವುದು ವಿ-ಬೆಲ್ಟುಗಳ ಮೂಲಕ. ಹೊಸ ಬೆಲ್ಟು ಮೊದಲ ಕೆಲವು ಗಂಟೆಗಳಲ್ಲೇ ಸ್ವಲ್ಪ ಉದ್ದವಾಗುತ್ತದೆ. ಸಡಿಲವಾದ ಬೆಲ್ಟು ಪುಲ್ಲಿಯ ಮೇಲೆ ಜಾರಿ ಬಿಸಿಯಾಗುತ್ತದೆ, ಬೇಗ ಹರಿಯುತ್ತದೆ. ಇಂಜಿನ್ ಜೋರಾಗಿ ಕೂಗುತ್ತಿದ್ದು ಗಾಡಿ ಮಾತ್ರ ಮುಂದೆ ಹೋಗದಿದ್ದರೆ, ಸುಟ್ಟ ರಬ್ಬರ್ ವಾಸನೆ ಬಂದರೆ, ಮೊದಲು ಇಲ್ಲೇ ನೋಡಿ. ಇಂಜಿನ್ ಆಫ್ ಮಾಡಿ, ಗಾರ್ಡ್ ಬಿಚ್ಚಿ, ಎರಡು ಪುಲ್ಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ. ಎಷ್ಟು ಬಗ್ಗಬೇಕು ಅಂತ ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬರೆದಿರುತ್ತದೆ. ಆ ಅಳತೆ ಮೀರಿದ್ದರೆ ಬಿಗಿ ಮಾಡಿ. ಕೆಲವು ಗಾಡಿಗಳಲ್ಲಿ ಇದಕ್ಕೆ ಟೆನ್ಷನ್ ಪುಲ್ಲಿ ಇದೆ, ಕೆಲವದರಲ್ಲಿ ಬೋಲ್ಟು ಸಡಿಲಿಸಿ ಇಂಜಿನ್ನನ್ನೇ ಮುಂದಕ್ಕೆ ಸರಿಸಬೇಕು. ತೀರಾ ಬಿಗಿ ಮಾಡಿದರೂ ಬೇರಿಂಗ್ ಹೋಗುತ್ತದೆ. ಒಂದು ಬೆಲ್ಟು ಹರಿದರೂ ಇಡೀ ಸೆಟ್ ಬದಲಿಸಿ. ಹಳೇ ಬೆಲ್ಟಿನ ಪಕ್ಕ ಹೊಸದು ಕೂತರೆ ಭಾರವೆಲ್ಲ ಹೊಸದರ ಮೇಲೇ ಬೀಳುತ್ತದೆ.

ರೋಟರಿ ಬ್ಲೇಡು

ನಮ್ಮದು ಹೆಚ್ಚಾಗಿ ಕೆಂಪು, ಮರಳು ಬೆರೆತ ಮಣ್ಣು. ಬ್ಲೇಡನ್ನು ಅರದಂತೆ ಉಜ್ಜಿ ಸವೆಸುತ್ತದೆ. ಬ್ಲೇಡ್ ಸವೆಯುವುದನ್ನು ತಡೆಯಲು ಆಗುವುದಿಲ್ಲ, ಬ್ಲೇಡಿನ ಬೋಲ್ಟು ಸಡಿಲವಾಗುವುದನ್ನು ಖಂಡಿತ ತಡೆಯಬಹುದು. ಸಡಿಲ ಬ್ಲೇಡು ಕೂತ ಜಾಗದ ತೂತನ್ನೇ ಅಗಲ ಮಾಡುತ್ತದೆ. ಆಮೇಲೆ ಎಂಥಾ ಬೋಲ್ಟು ಹಾಕಿದರೂ ನಿಲ್ಲುವುದಿಲ್ಲ. ಪ್ರತಿ ದಿನ ಬೆಳಿಗ್ಗೆ ಒಂದೊಂದು ಬ್ಲೇಡನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ. ಬಿಗಿ ಇದ್ದರೆ ಗಂಟೆ ಹೊಡೆದ ಹಾಗೆ ಠಣ್ ಅನ್ನುತ್ತದೆ, ಸಡಿಲ ಇದ್ದರೆ ಮಂಕಾಗಿ ಟಪ್ ಅನ್ನುತ್ತದೆ. ಎರಡೇ ದಿನದಲ್ಲಿ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಬ್ಲೇಡುಗಳಲ್ಲಿ ಎಡಕ್ಕೆ ಬಾಗಿದವು ಬೇರೆ, ಬಲಕ್ಕೆ ಬಾಗಿದವು ಬೇರೆ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ರಾಶಿ ಹಾಕಿದರೆ ಯಾವುದು ಎಲ್ಲಿತ್ತು ಅನ್ನುವುದು ತಪ್ಪಿಹೋಗುತ್ತದೆ. ಒಂದು ಬಿಚ್ಚಿ, ಒಂದು ಹಾಕಿ, ಮುಂದಕ್ಕೆ ಹೋಗಿ. ತಪ್ಪಾಗಿ ಕೂರಿಸಿದರೆ ಗಾಡಿ ಎಗರುತ್ತದೆ, ಉಳುಮೆಯ ನಡುವೆ ದಿಂಡು ಉಳಿಯುತ್ತದೆ.

ಆಯಿಲ್ ಸೀಲ್

ಕೆಸರಲ್ಲಿ ಓಡುವ ಟಿಲ್ಲರಿನ ದೊಡ್ಡ ಶತ್ರು ಇಲ್ಲಿದೆ. ಚಕ್ರದ ಶಾಫ್ಟು, ರೋಟರಿಯ ಶಾಫ್ಟು ಗೇರ್‌ಬಾಕ್ಸಿನಿಂದ ಹೊರಗೆ ಬರುವ ಜಾಗದಲ್ಲಿ ಒಂದು ರಬ್ಬರ್ ಸೀಲ್ ಇರುತ್ತದೆ. ಒಳಗಿನ ಆಯಿಲ್ ಹೊರಗೆ ಬಾರದಂತೆ, ಹೊರಗಿನ ಕೆಸರು ಒಳಗೆ ಹೋಗದಂತೆ ಕಾಯುವುದು ಅದೊಂದೇ.

ನಮ್ಮ ಟಿಲ್ಲರಿನಲ್ಲಿ ಮೊದಲ ವರ್ಷವೇ ಚಕ್ರದ ಒಳಮಗ್ಗುಲಲ್ಲಿ ಆಯಿಲ್ ಜಿನುಗಲು ಶುರುವಾಯಿತು. ಚಕ್ರ ಬಿಚ್ಚಿದರೆ ಶಾಫ್ಟಿಗೆ ಬಳೆಯ ಹಾಗೆ ಏನೋ ಸುತ್ತಿಕೊಂಡಿತ್ತು. ಹುಲ್ಲಿರಬೇಕು ಅಂದುಕೊಂಡೆ. ಚಾಕುವಿನಿಂದ ಕುಯ್ದು ತೆಗೆದು ನೋಡಿದರೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಎಳೆ! ಎಲ್ಲೋ ಬದುವಿನ ಮೇಲೆ ಬಿಸಾಡಿದ ಚೀಲ ಬಿಸಿಲಿಗೆ ಬಿರಿದು, ಎಳೆ ಎಳೆಯಾಗಿ ಗದ್ದೆಗೆ ಬಿದ್ದು, ಶಾಫ್ಟಿಗೆ ಸುತ್ತಿಕೊಂಡು, ತಿರುಗಿ ತಿರುಗಿ ಬಿಗಿಯಾಗಿ ಸೀಲಿನ ತುಟಿಯನ್ನೇ ಕತ್ತರಿಸಿತ್ತು. ಹುಲ್ಲಾದರೆ ಕೊಳೆಯುತ್ತದೆ, ಹರಿಯುತ್ತದೆ. ಪ್ಲಾಸ್ಟಿಕ್ ಹರಿಯುವುದೂ ಇಲ್ಲ, ಬಿಡುವುದೂ ಇಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಗೊಬ್ಬರದ ಖಾಲಿ ಚೀಲ ಗದ್ದೆಯಲ್ಲಿ ಉಳಿಯುವುದಿಲ್ಲ. ಎಣಿಸಿ ಮನೆಗೆ ತರುತ್ತೇವೆ.

ಸಂಜೆ ಕೆಲಸ ಮುಗಿದ ಮೇಲೆ ಕುಡುಗೋಲಿನ ತುದಿಯಿಂದಲೋ ಚಾಕುವಿನಿಂದಲೋ ಶಾಫ್ಟಿಗೆ ಸುತ್ತಿದ್ದನ್ನೆಲ್ಲ ಕುಯ್ದು ತೆಗೆಯಿರಿ. ಸೀಲಿಗೆ ತಾಗದ ಹಾಗೆ ಕುಯ್ಯಿರಿ. ಐದು ನಿಮಿಷದ ಕೆಲಸ.

ಒಳಗೆ ನೀರು ಹೋಗಿದೆಯಾ ಅಂತ ತಿಳಿಯುವುದು ಸುಲಭ. ಗಾಡಿಯನ್ನು ರಾತ್ರಿಯೆಲ್ಲ ಸಮನಾದ ನೆಲದಲ್ಲಿ ನಿಲ್ಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಗೇರ್‌ಬಾಕ್ಸಿನ ಕೆಳಗಿನ ಬಿರಡೆಯನ್ನು ಮೆಲ್ಲಗೆ ಸ್ವಲ್ಪ ಸಡಿಲಿಸಿ, ಒಂದು ಬಿಳಿ ಬಟ್ಟಲು ಹಿಡಿಯಿರಿ. ನೀರು ಎಣ್ಣೆಗಿಂತ ಭಾರ, ಅಲ್ವಾ? ಒಳಗೆ ನೀರಿದ್ದರೆ ಮೊದಲು ಬೀಳುವುದು ಅದೇ. ನೀರು ಬೇರೆಯಾಗದೆ ಆಯಿಲ್ಲೇ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ಎರಡೂ ಕಲಸಿಹೋಗಿವೆ ಅಂತ. ಆಗ ಪೂರ್ತಿ ಬಸಿದು, ಸೀಲ್ ಬದಲಿಸಿ, ಹೊಸ ಆಯಿಲ್ ಹಾಕಿ. ಸೀಲಿಗೆ ಆಗುವ ಖರ್ಚು ಬೇರಿಂಗು, ಗೇರಿನ ಖರ್ಚಿನ ಮುಂದೆ ಏನೇನೂ ಅಲ್ಲ.

ಏರ್ ಕ್ಲೀನರ್ ಬಗ್ಗೆ ಎರಡೇ ಮಾತು. ಹೆಚ್ಚಿನ ಗಾಡಿಗಳಲ್ಲಿ ಇದರ ಬಟ್ಟಲಿಗೆ ಆಯಿಲ್ ಹಾಕಬೇಕು, ಗೆರೆ ಇರುವಷ್ಟೇ. ಗದ್ದೆ ಕೆಲಸಕ್ಕಿಂತ ಟ್ರೈಲರ್ ಕಟ್ಟಿ ಕಬ್ಬು, ಗೊಬ್ಬರ ಹೊಡೆಯುವಾಗ ಧೂಳು ಜಾಸ್ತಿ. ಆ ದಿನಗಳಲ್ಲಿ ಬಟ್ಟಲನ್ನು ದಿನಾ ಬಿಚ್ಚಿ ನೋಡಿ. ತಳದಲ್ಲಿ ಮಣ್ಣು ಕೂತಿದ್ದರೆ ತೊಳೆದು ಹೊಸ ಆಯಿಲ್ ಹಾಕಿ.

ಮಾಡಿಸಿಕೊಳ್ಳಬಹುದಾದ ಬದಲಾವಣೆ

ಕೇಜ್ ವೀಲ್ (ಕೆಸರಿಗೆ ಹಾಕುವ, ಪಂಜರದಂಥ ಕಬ್ಬಿಣದ ಚಕ್ರ) ಇಲ್ಲದೆ ಕೆಸರಿನಲ್ಲಿ ಕೆಲಸ ಇಲ್ಲ. ಊರಿನ ವೆಲ್ಡಿಂಗ್ ಶಾಪಿನಲ್ಲೇ ಮಾಡಿಸುವವರು ಬಹಳ ಮಂದಿ. ಆದರೆ ಗಾಡಿ ಹೂತುಹೋಗುತ್ತದೆ ಅಂತ ಅಗಲ ಮಾಡುತ್ತಾ ಹೋಗಬೇಡಿ. ಚಕ್ರ ಹೊರಗೆ ಚಾಚಿದಷ್ಟೂ ಶಾಫ್ಟಿನ ಮೇಲೆ ಸನ್ನೆಕೋಲಿನಂತೆ ಭಾರ ಬೀಳುತ್ತದೆ. ಬೇರಿಂಗು, ಸೀಲು ಎರಡೂ ಅದರಿಂದಲೇ ಹೋಗುತ್ತವೆ. ಅಗಲದ ಬದಲು ಅಡ್ಡಪಟ್ಟಿಗಳನ್ನು ಗಟ್ಟಿ ಮಾಡಿಸಿ, ನಡುವೆ ಇನ್ನೊಂದು ಬಳೆ ಹಾಕಿಸಿ, ಬಾಗುವುದು ನಿಲ್ಲುತ್ತದೆ. ಡಾಂಬರ್ ರಸ್ತೆಯ ಮೇಲೆ ಕೇಜ್ ವೀಲಿನಲ್ಲೇ ಹೋಗಬೇಡಿ. ರಸ್ತೆಯೂ ಹಾಳು, ವೀಲೂ ಹಾಳು.

ರೋಟರಿಯಿಂದ ಹಿಂದೆ ಭಾರವಾಗಿ ಮೂತಿ ಮೇಲೇಳುತ್ತದೆ ಅಂತ ಕೆಲವರು ಮುಂದೆ ಮರಳಿನ ಚೀಲ ಕಟ್ಟುತ್ತಾರೆ. ಹಗ್ಗ ಸಡಿಲವಾಗಿ ಬೆಲ್ಟಿನ ಕಡೆಗೆ ಬರುವ ಅಪಾಯ ಇದೆ. ಕಬ್ಬಿಣದ ತೂಕವನ್ನು ಮುಂದಿನ ಬಂಪರಿಗೆ ಬೋಲ್ಟ್ ಹಾಕಿ ಕೂರಿಸಿ. ಬೋಲ್ಟಿನಲ್ಲಿ ಆಗುವುದಕ್ಕೆ ವೆಲ್ಡಿಂಗ್ ಬೇಡ. ಗೇರ್‌ಬಾಕ್ಸಿನ ಮೈಗೆ ತೂತು ಕೊರೆಯುವುದು, ವೆಲ್ಡ್ ಮಾಡುವುದು ವಾರಂಟಿಯನ್ನೇ ಕಳೆಯಬಹುದು. ಬೇರೆ ಕಡೆ ವೆಲ್ಡ್ ಮಾಡಿಸಲೇಬೇಕು ಅಂದರೆ ಮೊದಲು ಬ್ಯಾಟರಿ ವೈರ್ ಬಿಚ್ಚಿ. ಅರ್ಥ್ ಕ್ಲಿಪ್ಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕಿಸಿ. ದೂರ ಹಾಕಿದರೆ ಕರೆಂಟು ಬೇರಿಂಗ್ ಒಳಗೆ ಹಾದು ಗುಂಡುಗಳನ್ನು ಸುಡುತ್ತದೆ.

ಹ್ಯಾಂಡಲ್ಲಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ. ದಿನವಿಡೀ ಕುಲುಕುವ ಹ್ಯಾಂಡಲ್ ಹಿಡಿದವರಿಗೆ ರಾತ್ರಿ ಬೆರಳು ಜೋಮು ಹಿಡಿಯುವುದು ಎಷ್ಟು ಕಷ್ಟ ಅಂತ ಅವರಿಗೇ ಗೊತ್ತು. ಟ್ಯೂಬಿನಿಂದ ಪೂರ್ತಿ ಹೋಗದಿದ್ದರೂ ಕಡಿಮೆಯಾಗುತ್ತದೆ, ಒದ್ದೆ ಕೈ ಜಾರುವುದೂ ಇಲ್ಲ. ಮನೆಗೆ ಬಂದ ಮೇಲೆ, ಇಂಜಿನ್ ಆರಿದ ನಂತರ, ಸೈಲೆನ್ಸರ್ ಬಾಯಿಗೆ ಒಂದು ಖಾಲಿ ಡಬ್ಬ ಕವುಚಿ. ಮಳೆ ನೀರು ಇಂಜಿನ್ ಒಳಗೆ ಇಳಿಯುವುದಿಲ್ಲ. ಬೆಳಿಗ್ಗೆ ಮರೆಯದೆ ತೆಗೆಯಿರಿ.

ಮಾಡಿಸಲೇಬಾರದ್ದು

ಬೆಲ್ಟ್ ಗಾರ್ಡ್ ಬಿಚ್ಚಿಟ್ಟು ಓಡಿಸುವವರನ್ನು ಪ್ರತಿ ವರ್ಷ ನೋಡುತ್ತೇನೆ. ಬೆಲ್ಟು ನೋಡೋಕೆ ಸುಲಭ ಅಂತಾರೆ. ನಾವು ಪಂಚೆ ಉಡುವವರು, ಹೆಗಲ ಮೇಲೆ ಟವೆಲ್ ಹಾಕುವವರು. ಟವೆಲಿನ ಒಂದು ತುದಿ ಪುಲ್ಲಿಗೆ ಸಿಕ್ಕರೆ ಕೈ ಎಳೆದುಕೊಳ್ಳುವಷ್ಟೂ ಹೊತ್ತು ಸಿಗುವುದಿಲ್ಲ. ಗಾರ್ಡ್ ಹಾಕಿಯೇ ಓಡಿಸಿ.

ರಿವರ್ಸ್ ಗೇರಿನಲ್ಲಿ ರೋಟರಿ ತಿರುಗದಂತೆ ತಡೆಯುವ ಲಾಕ್ ಹಲವು ಗಾಡಿಗಳಲ್ಲಿದೆ. ತಿರುವಿನಲ್ಲಿ ಹೊತ್ತು ಉಳಿಯುತ್ತದೆ ಅಂತ ಅದನ್ನು ತೆಗೆಸಬೇಡಿ. ಹಿಂದೆ ಬರುವಾಗ ರೋಟರಿ ನಿಮ್ಮ ಕಾಲಿನ ಕಡೆಗೇ ಬರುತ್ತದೆ. ಕೆಸರಲ್ಲಿ ಕಾಲು ಥಟ್ಟನೆ ಕಿತ್ತುಕೊಳ್ಳಲು ಆಗುವುದಿಲ್ಲ. ನಿಮ್ಮ ಗಾಡಿಯಲ್ಲಿ ಲಾಕ್ ಇಲ್ಲದಿದ್ದರೆ, ರಿವರ್ಸ್ ಹಾಕುವ ಮುಂಚೆ ರೋಟರಿ ನಿಲ್ಲಿಸುವುದನ್ನು ಕೈಗೆ ಅಭ್ಯಾಸ ಮಾಡಿಸಿ. ಬಾಡಿಗೆಗೆ ಹುಡುಗರನ್ನು ಕಳಿಸುವವರು ಇದನ್ನು ಅವರಿಗೆ ತೋರಿಸಿಯೇ ಗಾಡಿ ಕೊಡಿ. ಜಾಸ್ತಿ ಸ್ಪೀಡ್ ಬರಲಿ ಅಂತ, ಇಂಜಿನ್ ವೇಗವನ್ನು ಮಿತಿಯಲ್ಲಿಡುವ ಗವರ್ನರ್ ಸ್ಕ್ರೂ ತಿರುಗಿಸುವುದೂ ಬೇಡ. ಇಂಜಿನ್ನಿನ ಆಯಸ್ಸು ಅದರಲ್ಲಿದೆ.

ಇಳಿಜಾರು

ಹೊಸಬರಿಗೆ ಯಾರೂ ಹೇಳಿಕೊಡದ ಒಂದು ವಿಷಯ ಇದೆ. ಸಮನಾದ ನೆಲದಲ್ಲಿ ಎಡಗಡೆಯ ಸ್ಟಿಯರಿಂಗ್ ಕ್ಲಚ್ ಹಿಡಿದರೆ ಎಡಚಕ್ರಕ್ಕೆ ಶಕ್ತಿ ನಿಲ್ಲುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ಇಳಿಜಾರು ಇಳಿಯುವಾಗ ಉಲ್ಟಾ. ಅಲ್ಲಿ ಗಾಡಿಯನ್ನು ತಡೆದು ಹಿಡಿದಿರುವುದೇ ಇಂಜಿನ್. ಎಡದ ಕ್ಲಚ್ ಹಿಡಿದರೆ ಎಡಚಕ್ರ ಹಿಡಿತ ತಪ್ಪಿ ಮುಂದಕ್ಕೆ ಓಡುತ್ತದೆ, ಗಾಡಿ ಬಲಕ್ಕೆ ನುಗ್ಗುತ್ತದೆ. ನಾಲೆಯ ಏರಿಯಿಂದ ಗದ್ದೆಗೆ ಇಳಿಯುವಾಗ ಗಾಡಿ ನಾಲೆಗೆ ಬೀಳುವುದಕ್ಕೆ ಈ ಒಂದು ತಪ್ಪು ಸಾಕು.

ಇಳಿಯುವಾಗ ಮೊದಲ ಗೇರ್ ಇರಲಿ, ರೋಟರಿ ನಿಂತಿರಲಿ, ಸ್ಟಿಯರಿಂಗ್ ಕ್ಲಚ್ಚುಗಳ ಮೇಲೆ ಬೆರಳು ಬೇಡ. ಹ್ಯಾಂಡಲನ್ನು ತೋಳಿನ ಬಲದಿಂದಲೇ ತಿರುಗಿಸಿ. ನೀರು ಬರುವುದಕ್ಕೆ ಇನ್ನೂ ದಿನ ಇರುವಾಗಲೇ ಒಣಗಿದ ಒಂದು ಸಣ್ಣ ಇಳಿಜಾರಿನಲ್ಲಿ ಹತ್ತು ಸಲ ಇಳಿಸಿ ನೋಡಿ. ಪಕ್ಕದಲ್ಲಿ ಮಕ್ಕಳು ಇರದಂತೆ ನೋಡಿಕೊಳ್ಳಿ.