ಯುಪಿಐ ಖರ್ಚಿಗೆ ಹೊಂದುವ ಮೊದಲ ರಿವಾರ್ಡ್ ಕಾರ್ಡ್: ನನ್ನ ಅನುಭವ

ವರ್ಷ ತುಂಬಲಿ, ಆಮೇಲೆ ಬರೆಯೋಣ ಅಂತ ಸುಮ್ಮನಿದ್ದೆ. ಈಗ ಲೆಕ್ಕ ಕೈಯಲ್ಲಿದೆ. ನನ್ನ ಮೊದಲ ಕ್ರೆಡಿಟ್ ಕಾರ್ಡಿನಿಂದ ರಿವಾರ್ಡ್ ಪಾಯಿಂಟ್ ರೂಪದಲ್ಲಿ ವಾಪಸ್ ಬಂದದ್ದು ಹೆಚ್ಚೂಕಮ್ಮಿ 1,400 ರೂಪಾಯಿ. ಬ್ಯಾಂಕಿಗೆ ನಾನು ಕೊಟ್ಟದ್ದು ನೂರ ಹದಿನೇಳು, ಅಷ್ಟೇ. ಬಡ್ಡಿ ಇಲ್ಲ, ವಾರ್ಷಿಕ ಶುಲ್ಕ ಇಲ್ಲ. ಇಷ್ಟು ಸಣ್ಣ ದುಡ್ಡಿಗೆ ಇಷ್ಟೊಂದು ಲೆಕ್ಕವಾ ಅಂತ ನಗುವವರು ನಗಲಿ. ನನ್ನ ಖರ್ಚಿಗೆ ಇದಕ್ಕಿಂತ ಜಾಸ್ತಿ ಕೊಡುವ ಕಾರ್ಡ್ ಇದ್ದರೆ ತೋರಿಸಿ ಅಂತ ನಮ್ಮ ಭಾವನಿಗೆ ಸವಾಲು ಹಾಕಿದ್ದೆ. ಇನ್ನೂ ತೋರಿಸಿಲ್ಲ.

ನನ್ನದು ತಿಂಗಳ ಸಂಬಳದ ಕೆಲಸವಲ್ಲ. ಕೆಲಸ ಬಂದಾಗ ದುಡ್ಡು. ಸಾಲ ಅಂತ ಯಾವತ್ತೂ ಮಾಡಿದವನಲ್ಲ. ಕಾರ್ಡ್ ಕೇಳಲು ಹೋದಾಗ ಅದೇ ಮುಳುವಾಯಿತು. ಎರಡು ಬ್ಯಾಂಕ್ ಅರ್ಜಿ ತಿರಸ್ಕರಿಸಿದವು. ಸಿಬಿಲ್ ರಿಪೋರ್ಟ್ (ನಮ್ಮ ಸಾಲದ ಹಿಸ್ಟರಿ, ಸ್ಕೋರ್ ಇರುವ ವರದಿ) ತೆಗೆದು ನೋಡಿದರೆ 300ರಿಂದ 900ರ ನಡುವೆ ಇರಬೇಕಾದ ಅಂಕಿಯೇ ಇಲ್ಲ, ಹಿಸ್ಟರಿ ಇಲ್ಲ ಅಂತ ಬರೆದಿತ್ತು. ಸಾಲ ತೀರಿಸದವನಿಗೂ ಒಂದು ಅಂಕಿ ಇರುತ್ತದೆ, ಸಾಲವೇ ಮಾಡದವನಿಗೆ ಅದೂ ಇಲ್ಲ. ಮೇಲಿಂದ ಆ ಎರಡು ಅರ್ಜಿಗಳ ಎನ್‌ಕ್ವೈರಿ, ಅಂದರೆ ಬ್ಯಾಂಕ್ ವಿಚಾರಿಸಿದ ದಾಖಲೆ, ಬೇರೆ ರಿಪೋರ್ಟಿನಲ್ಲಿ ಕೂತುಬಿಟ್ಟವು. ಹೊಸಬರು ಮೊದಲು ರಿಪೋರ್ಟ್ ನೋಡಿ, ಆಮೇಲೆ ಅರ್ಜಿ ಹಾಕಿ. ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು ಅಂತ ಆರ್‌ಬಿಐ ನಿಯಮವೇ ಇದೆ.

ಭಾವನ ಸಲಹೆ ಬೇರೆಯೇ ಇತ್ತು. ಆನ್‌ಲೈನ್ ಖರೀದಿಗೆ ಶೇ. 5 ವಾಪಸ್ ಕೊಡುವ ಕಾರ್ಡ್ ಅವರ ಹತ್ತಿರ ಇದೆ, ವಿಮಾನ ನಿಲ್ದಾಣದ ಲೌಂಜ್ ಇರುವ ಇನ್ನೊಂದೂ ಇದೆ. ‘ಶೇ. 5ರ ಮುಂದೆ ಮಾಮೂಲಿ ಕಾರ್ಡಿನ ಶೇ. 1 ಹಿಡ್ಕೊಂಡು ಏನು ಮಾಡ್ತೀಯಾ?’ ಅಂತ ಕೇಳಿದರು. ಲೌಂಜಿನ ಮಾತು ಬಿಡಿ, ನಾನು ವಿಮಾನ ಹತ್ತುವುದೇ ಅಪರೂಪ. ಆದರೆ ಶೇ. 5 ಅಂದಾಗ ಯಾರಿಗಾದರೂ ಆಸೆ ಆಗುತ್ತದೆ ಅಲ್ವಾ? ಹಾಗಾಗಿ ಮೊದಲು ನಾನೂ ಎಲ್ಲರ ಹಾಗೆ ಕಾರ್ಡುಗಳ ಪಟ್ಟಿ ಮಾಡಿದೆ. ಒಂದು ಕಡೆ ಕಾರ್ಡ್, ಇನ್ನೊಂದು ಕಡೆ ರಿವಾರ್ಡ್ ದರ. ಪಟ್ಟಿ ಬೆಳೆಯಿತೇ ಹೊರತು ಏನೂ ತೀರ್ಮಾನ ಆಗಲಿಲ್ಲ. ಪ್ರತಿ ಕಾರ್ಡೂ ಒಂದಲ್ಲ ಒಂದು ಕಡೆ ಮೇಲೆಯೇ ಇರುತ್ತದೆ, ಇಲ್ಲದಿದ್ದರೆ ಅವರು ಮಾರುವುದಾದರೂ ಹೇಗೆ!

ಪಟ್ಟಿ ಹರಿದುಹಾಕಿ ಉಲ್ಟಾ ಶುರು ಮಾಡಿದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಆರು ತಿಂಗಳದ್ದು ತೆಗೆದುಕೊಂಡೆ. ಏನು ಕೊಂಡೆ ಅಂತಲ್ಲ, ದುಡ್ಡು ಯಾವ ದಾರಿಯಲ್ಲಿ ಹೋಯಿತು ಅಂತ ಸಾಲು ಸಾಲಾಗಿ ಗುರುತು ಹಾಕಿದೆ. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೊಂದೇ.

ತಿಂಗಳಿಗೆ ಸುಮಾರು 38 ಸಾವಿರ ಖರ್ಚು. ಅದರಲ್ಲಿ ಮನೆ ಬಾಡಿಗೆ 11 ಸಾವಿರ, ಚೀಟಿ 5 ಸಾವಿರ, ಊರಿಗೆ ಕಳಿಸುವುದು 3 ಸಾವಿರ. ಈ 19 ಸಾವಿರ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಯುಪಿಐ. ಯಾವ ಕ್ರೆಡಿಟ್ ಕಾರ್ಡೂ ಅದನ್ನು ಮುಟ್ಟುವ ಹಾಗಿಲ್ಲ. ಕಾರ್ಡಿನಿಂದ ಬಾಡಿಗೆ ಕಟ್ಟಲು ಆ್ಯಪ್‌ಗಳಿದ್ದವು, ಗೊತ್ತು; 2025ರಲ್ಲಿ ಹಲವು ಅದನ್ನು ನಿಲ್ಲಿಸಿದವು. ಅವರು ತೆಗೆದುಕೊಳ್ಳುತ್ತಿದ್ದ ಶುಲ್ಕ ಬರುವ ಪಾಯಿಂಟಿಗಿಂತ ಜಾಸ್ತಿ ಇತ್ತು, ಮೇಲಾಗಿ ಸುಮಾರು ಕಾರ್ಡುಗಳು ಬಾಡಿಗೆಗೆ ಪಾಯಿಂಟೇ ಕೊಡುವುದಿಲ್ಲ. ಅರ್ಧ ಅಲ್ಲಿಗೇ ಹೊಡೆದುಹಾಕಿದೆ.

ಉಳಿದ ಅರ್ಧದಲ್ಲಿ ಪೆಟ್ರೋಲ್, ಕರೆಂಟ್ ಬಿಲ್, ಫೋನ್, ವಿಮೆ ಸೇರಿ ಆರೂವರೆ ಸಾವಿರ. ಇವುಗಳಿಗೆ ಪಾಯಿಂಟ್ ಇಲ್ಲ, ಅಥವಾ ಮಿತಿ ಇದೆ. ಶರತ್ತಿನ ಪುಟದಲ್ಲಿ ‘ಹೊರತುಪಡಿಸಿ’ ಅನ್ನುವ ಜಾಗ ಓದಿ ಸಾಕು, ಮೊದಲ ಪುಟದ ಬಣ್ಣ ಬಿಟ್ಟುಬಿಡಿ.

ಕೊನೆಗೆ ನಿಂತದ್ದು ಹನ್ನೆರಡೂವರೆ ಸಾವಿರ. ಅದರಲ್ಲಿ ಆನ್‌ಲೈನ್ ಎರಡು ಸಾವಿರ, ಮೆಷಿನ್‌ನಲ್ಲಿ ಉಜ್ಜುವುದು ಒಂದೂವರೆ ಸಾವಿರ. ಮಿಕ್ಕ ಒಂಬತ್ತು ಸಾವಿರ ಅಂಗಡಿಯ ಕ್ಯೂಆರ್ ಸ್ಕ್ಯಾನ್: ದಿನಸಿ, ತರಕಾರಿ, ಔಷಧಿ, ಟಿಫಿನ್. ಅಲ್ಲಿಗೆ ಉತ್ತರ ತಾನಾಗೇ ಬಂತು. ಯುಪಿಐಗೆ ಜೋಡಿಸಬಹುದಾದದ್ದು ರುಪೇ (ವೀಸಾ, ಮಾಸ್ಟರ್‌ಕಾರ್ಡ್ ಥರ ನಮ್ಮ ದೇಶದ ಕಾರ್ಡ್ ನೆಟ್‌ವರ್ಕ್) ಕ್ರೆಡಿಟ್ ಕಾರ್ಡ್ ಮಾತ್ರ. 2022ರಲ್ಲಿ ಆರ್‌ಬಿಐ ಅವಕಾಶ ಕೊಟ್ಟದ್ದು ಇದಕ್ಕೇ. ಭಾವನ ಎರಡೂ ಕಾರ್ಡ್ ಬೇರೆ ನೆಟ್‌ವರ್ಕಿನವು, ನನ್ನ ಆ ಒಂಬತ್ತು ಸಾವಿರಕ್ಕೆ ಅವು ಲೆಕ್ಕಕ್ಕೇ ಇಲ್ಲ.

ಭಾವನ ಎದುರಿಗೇ ಕೂತು ಲೆಕ್ಕ ಹಾಕಿದೆ. ಶೇ. 5ರ ಕಾರ್ಡ್: ಆನ್‌ಲೈನ್ ಎರಡು ಸಾವಿರಕ್ಕೆ ತಿಂಗಳಿಗೆ 100, ಉಜ್ಜಿದ್ದಕ್ಕೆ 15, ವರ್ಷಕ್ಕೆ 1,380. ವಾರ್ಷಿಕ ಶುಲ್ಕ 500, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 590. ಕೈಗೆ ಉಳಿಯುವುದು ಎಂಟು ನೂರರ ಒಳಗೆ. ಶುಲ್ಕ ಮನ್ನಾ ಆಗಲು ಮಾಡಬೇಕಾದ ಖರ್ಚನ್ನು ನಾನು ಆ ಕಾರ್ಡಿನಲ್ಲಿ ಮುಟ್ಟುವುದೇ ಇಲ್ಲ. ಶುಲ್ಕವಿಲ್ಲದ, ಬರೀ ಶೇ. 1ರ ರುಪೇ ಕಾರ್ಡ್: ಹನ್ನೆರಡೂವರೆ ಸಾವಿರಕ್ಕೆ ತಿಂಗಳಿಗೆ 125, ವರ್ಷಕ್ಕೆ 1,500. ಭಾವ ಕಾಗದ ತಿರುಗಿಸಿ ತಿರುಗಿಸಿ ನೋಡಿದರು. ‘ಕಾಗದದ ಮೇಲೆ ಎಲ್ಲಾ ಸರಿ ಇರ್ತದೆ ಮಾರಾಯ’ ಅಂದರು.

ಅವರು ಅಂದದ್ದರಲ್ಲಿ ಅರ್ಧ ನಿಜ. ಅದಕ್ಕೆ ಆಮೇಲೆ ಬರುತ್ತೇನೆ.

ಹಿಸ್ಟರಿ ಇಲ್ಲದವನಿಗೆ ಕಾರ್ಡ್ ಕೊಡುವವರು ಯಾರು? ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ತೆಗೆದುಕೊಂಡೆ. ‘ನಿನ್ನ ದುಡ್ಡನ್ನೇ ನಿನಗೆ ಸಾಲ ಕೊಡ್ತಾರಲ್ಲೋ!’ ಅಂತ ಭಾವ ಮನೆಮಂದಿಯ ಮುಂದೆಲ್ಲ ಹೇಳಿಕೊಂಡು ನಕ್ಕರು. ಎಫ್‌ಡಿ 30 ಸಾವಿರ, ಲಿಮಿಟ್ 27 ಸಾವಿರ. ಎಫ್‌ಡಿ ಬಡ್ಡಿ ಅದರ ಪಾಡಿಗೆ ಬರುತ್ತಿರುತ್ತದೆ, ಹಾಗಾಗಿ ಕಳೆದುಕೊಂಡದ್ದು ಏನಿಲ್ಲ. ಆದಾಯದ ಕಾಗದ ಯಾರೂ ಕೇಳಲಿಲ್ಲ. ಅರ್ಜಿ ಹಾಕುವಾಗ ಒಂದೇ ಎಚ್ಚರ: ಎಫ್‌ಡಿ ಕಾರ್ಡುಗಳಲ್ಲಿ ಕೆಲವಕ್ಕೆ ರಿವಾರ್ಡೇ ಇರುವುದಿಲ್ಲ, ಕೆಲವು ರುಪೇ ಅಲ್ಲ. ಎರಡನ್ನೂ ಬಾಯಿಬಿಟ್ಟು ಕೇಳಿ.

ಇನ್ನು ಭಾವನ ಅರ್ಧ ನಿಜ. ಮೊದಲ ತಿಂಗಳು 125 ಬರಬೇಕಾದ ಕಡೆ 65ರ ಹತ್ತಿರ ಬಂತು. ಯಾಕೆ ಅಂತ ತಲೆ ಕೆಡಿಸಿಕೊಂಡೆ. ನನ್ನ ಕಾರ್ಡ್ ಪ್ರತಿ 100 ರೂಪಾಯಿಗೆ 4 ಪಾಯಿಂಟ್ ಕೊಡುತ್ತದೆ, ಪಾಯಿಂಟಿಗೆ 25 ಪೈಸೆ. ‘ಪ್ರತಿ 100’ ಅಂದರೆ ಪೂರ್ತಿ ನೂರು. ಒಂದು ದಿನದ ಸಾಲು ನೋಡಿ: ಬೇಕರಿ 78, ತರಕಾರಿ 140, ಮೆಡಿಕಲ್ 265, ಟಿಫಿನ್ 90. ಒಟ್ಟು 573. ಪಾಯಿಂಟ್ ಬಂದದ್ದು ತರಕಾರಿಯ 100ಕ್ಕೆ, ಮೆಡಿಕಲ್‌ನ 200ಕ್ಕೆ, ಅಷ್ಟೇ. 273 ರೂಪಾಯಿ ಹೊಳೆಗೆ ಹೋಯಿತು. ನಮ್ಮ ಯುಪಿಐ ಖರ್ಚು ಎಲ್ಲಾ ಇಂಥ ಚಿಲ್ಲರೆಯೇ ತಾನೆ? ಪ್ರತಿ 150ಕ್ಕೆ, 200ಕ್ಕೆ ಲೆಕ್ಕ ಹಾಕುವ ಕಾರ್ಡ್ ಆಗಿದ್ದರೆ ಇನ್ನೂ ಕಷ್ಟ. ಶೇಕಡಾವಾರು ದರಕ್ಕಿಂತ ಈ ಅಂಕಿ ಮೊದಲು ನೋಡಬೇಕು. ಯಾರೂ ಇದನ್ನು ಹೇಳುವುದಿಲ್ಲ.

ಪರಿಹಾರ ಕಾರ್ಡಿನಲ್ಲಿರಲಿಲ್ಲ, ಅಂಗಡಿಯಲ್ಲಿತ್ತು. ತರಕಾರಿಯವರಿಗೆ ‘ಬರೆದಿಟ್ಕೊಳ್ಳಿ ಅಣ್ಣಾ, ಶನಿವಾರ ಒಟ್ಟಿಗೆ ಹಾಕ್ತೀನಿ’ ಅಂದೆ. ‘ಹಾಕಿ ಸರ್, ಮರೀಬೇಡಿ ಅಷ್ಟೇ’ ಅಂದರು. ಅವರಿಗೂ ದಿನಾ ಹತ್ತು ಸಲ ಮೊಬೈಲ್ ನೋಡುವ ರಗಳೆ ತಪ್ಪಿತು. ಟಿಫಿನ್ ಹೋಟೆಲ್‌ನಲ್ಲೂ ಅದೇ ವ್ಯವಸ್ಥೆ. ಹಾಲಿನವರು ಮಾತ್ರ ಆಗಲಿಲ್ಲ. ಅವರ ಕ್ಯೂಆರ್ ಸ್ವಂತ ನಂಬರಿನದು, ಸ್ಕ್ಯಾನ್ ಮಾಡಿದರೆ ಕಾರ್ಡ್ ಆಯ್ಕೆ ಬೂದು ಬಣ್ಣಕ್ಕೆ ತಿರುಗುತ್ತದೆ. ವ್ಯಾಪಾರಿ ಕ್ಯೂಆರ್ ಮಾಡಿಸಿಕೊಳ್ಳಿ ಅಂತ ಹೇಳಿ ನೋಡಿದೆ. ‘ಅದೆಲ್ಲಾ ಬೇಡ ಬಿಡಿ’ ಅಂತ ನಕ್ಕುಬಿಟ್ಟರು. ಮೂರ್ನಾಲ್ಕು ತಿಂಗಳಲ್ಲಿ ವ್ಯರ್ಥವಾಗುವುದು ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯಿತು.

ದಿನಸಿ ಅಂಗಡಿಯಲ್ಲಿ ಇನ್ನೊಂದು ಕಥೆ. ತಿಂಗಳ ಸಾಮಾನು ಒಂದೇ ಬಿಲ್ ಮಾಡಿ ಎರಡೂವರೆ ಸಾವಿರ ಸ್ಕ್ಯಾನ್ ಮಾಡಿದೆ. ಮರುದಿನ ಅಂಗಡಿಯವರು ಮುಖ ಸಣ್ಣ ಮಾಡಿಕೊಂಡಿದ್ದರು. ಸಣ್ಣ ವ್ಯಾಪಾರಿಗಳಿಗೆ ಎರಡು ಸಾವಿರದವರೆಗೆ ರುಪೇ ಕ್ರೆಡಿಟ್ ಯುಪಿಐನಲ್ಲಿ ಕಡಿತ ಇಲ್ಲ, ಅದರ ಮೇಲೆ ಹೋದರೆ ಅವರ ದುಡ್ಡಿನಲ್ಲಿ ಹಿಡಿಯುತ್ತಾರೆ. ಈಗ ತಿಂಗಳಿಗೆ ಎರಡು ಸಲ ಹೋಗುತ್ತೇನೆ, ಎರಡೂ ಸಲ ಎರಡು ಸಾವಿರದ ಒಳಗೆ. ನನ್ನ ಒಂದು ರೂಪಾಯಿಗೆ ಅವರ ಎರಡು ರೂಪಾಯಿ ಯಾಕೆ ಹೋಗಬೇಕು?

ಅಂಗಡಿ ಯಾವ ವರ್ಗಕ್ಕೆ ಸೇರುತ್ತದೆ ಅನ್ನುವುದರಲ್ಲೂ ಆಟ ಇದೆ. ನಾನು ದಿನಸಿ ಅಂದುಕೊಂಡ ಒಂದು ದೊಡ್ಡ ಅಂಗಡಿಯ ಎಂಸಿಸಿ (ಅಂಗಡಿಯ ವರ್ಗ ಹೇಳುವ ಕೋಡ್) ದಿನಸಿಯ 5411 ಆಗಿರಲಿಲ್ಲ, ಡಿಪಾರ್ಟ್‌ಮೆಂಟ್ ಸ್ಟೋರಿನ 5311 ಆಗಿತ್ತು. ದಿನಸಿಗೆ ಜಾಸ್ತಿ ಕೊಡುವ ಕಾರ್ಡ್ ಹಿಡಿದವರಿಗೆ ಅಲ್ಲಿ ಆ ಜಾಸ್ತಿ ಸಿಗುವುದಿಲ್ಲ. ಬಿಲ್ ಮಾಡುವ ಮೊದಲೇ ಅಂಗಡಿಯ ಕೋಡ್ ತಿಳಿಯಲು ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎಲ್ಲರೂ ಮಾಡಿದರೆ ಅದೂ ಬಂದ್ ಆಗುತ್ತದೆ. ಪಾಯಿಂಟನ್ನು ಯಾವ ವೋಚರಿಗೆ ಬದಲಾಯಿಸಿದರೆ 25 ಪೈಸೆಗಿಂತ ಸ್ವಲ್ಪ ಮೇಲೆ ಬರುತ್ತದೆ ಅನ್ನುವುದನ್ನೂ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಬದಲಾಯಿಸುವ ಶುಲ್ಕದ ಬಗ್ಗೆ ಮಾತ್ರ ಹೇಳುತ್ತೇನೆ. ಒಂದು ಸಲಕ್ಕೆ 99, ಜಿಎಸ್‌ಟಿ ಸೇರಿ 117. ಐನೂರು ರೂಪಾಯಿ ಆದ ಕೂಡಲೇ ಬದಲಾಯಿಸಿದರೆ ಕಾಲು ಭಾಗ ಹೋಯಿತು. ಪಾಯಿಂಟಿನ ಅವಧಿ ಮುಗಿಯುವ ತಾರೀಕು ನೋಡಿಕೊಂಡು, ವರ್ಷಕ್ಕೊಮ್ಮೆ ಸಾಕು.

ಪೆಟ್ರೋಲ್ ಪ್ರಯೋಗ ಫೇಲ್. ಬಂಕಿನಲ್ಲಿ ಕಾರ್ಡಿಗೆ ಹಾಕುವ ಶೇ. 1 ಸರ್‌ಚಾರ್ಜ್ ವಾಪಸ್ ಬಂತು, ಅದರ ಮೇಲಿನ ಜಿಎಸ್‌ಟಿ ಬರಲಿಲ್ಲ, ಪಾಯಿಂಟೂ ಇಲ್ಲ. ಬಂಕಿನಲ್ಲಿ ಹಳೆಯ ಹಾಗೆ ಖಾತೆಯಿಂದಲೇ ಕೊಡುತ್ತೇನೆ.

ಸ್ಕೋರಿನ ಪ್ರಯೋಗ ಮಾತ್ರ ಪಾಯಿಂಟಿಗಿಂತ ಜಾಸ್ತಿ ಲಾಭ ಕೊಟ್ಟಿತು. 27 ಸಾವಿರದ ಲಿಮಿಟ್‌ನಲ್ಲಿ ಹನ್ನೆರಡು ಸಾವಿರ ಖರ್ಚು ಅಂದರೆ ಅರ್ಧದ ಹತ್ತಿರ. ಸ್ಕೋರ್ ಚೆನ್ನಾಗಿರಲು ಮೂರನೇ ಒಂದು ಭಾಗದೊಳಗೆ ಇರಲಿ ಅಂತ ತಿಳಿದವರು ಹೇಳುತ್ತಾರೆ. ಬಿಲ್ ಆಗುವ ಎರಡು ಮೂರು ದಿನ ಮೊದಲೇ ಎಂಟು ಸಾವಿರ ಕಟ್ಟಲು ಶುರು ಮಾಡಿದೆ. ಬಿಲ್ ನಾಲ್ಕು ಸಾವಿರದ್ದು ಬರುತ್ತದೆ, ರಿಪೋರ್ಟಿಗೆ ಹೋಗುವುದೂ ಬಹುತೇಕ ಅಷ್ಟೇ. 2025ರ ಜನವರಿಯಿಂದ ಬ್ಯಾಂಕುಗಳು 15 ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕಾಗಿರುವುದರಿಂದ ಫಲ ಬೇಗ ಕಾಣುತ್ತದೆ. ಕಾರ್ಡ್ ಬಂದ ಮೇಲೆ ಮೊದಲು ಕಂಡ ಸ್ಕೋರ್ 710ರ ಆಸುಪಾಸು ಇತ್ತು, ಈಗ 760 ದಾಟಿದೆ.

ಬಾಕಿ ಉಳಿಸುವವರಿಗೆ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ. ಬಡ್ಡಿ ತಿಂಗಳಿಗೆ ಶೇ. 3.5 ಅಂತ ಹಿಡಿಯಿರಿ. ಹನ್ನೆರಡು ಸಾವಿರ ಒಂದು ತಿಂಗಳು ಉಳಿಸಿದರೆ 420, ಜಿಎಸ್‌ಟಿ ಸೇರಿ ಸುಮಾರು 496. ನನ್ನ ವರ್ಷದ ಪಾಯಿಂಟಿನಲ್ಲಿ ಮೂರನೇ ಒಂದು ಭಾಗ ಒಂದೇ ತಿಂಗಳಿಗೆ ಖಾಲಿ. ನನ್ನ ದುಡಿಮೆ ತಾರೀಕಿಗೆ ಸರಿಯಾಗಿ ಬರುವುದಿಲ್ಲ. ಅದಕ್ಕೆ ಬಿಲ್ಲಿಂಗ್ ತಾರೀಕನ್ನೇ ಬದಲಾಯಿಸಿಕೊಂಡೆ. ಒಂದು ಸಲವಾದರೂ ಬದಲಾಯಿಸಲು ಬ್ಯಾಂಕ್ ಅವಕಾಶ ಕೊಡಲೇಬೇಕು ಅಂತ ಆರ್‌ಬಿಐ ನಿಯಮವಿದೆ. ಕಸ್ಟಮರ್ ಕೇರ್‌ನವರು ಮೊದಲು ಆಗಲ್ಲ ಅಂದರು. ನಿಯಮ ಹೇಳಿದ ಮೇಲೆ ಆಯಿತು.

ಹೋದ ತಿಂಗಳು ಭಾವ ಫೋನ್ ಮಾಡಿದ್ದರು. ಅವರ ಶೇ. 5ರ ಕಾರ್ಡಿಗೆ ತಿಂಗಳ ಮಿತಿ ಹಾಕಿದ್ದಾರಂತೆ. ‘ಆ ಕಾಗದದ ಲೆಕ್ಕ ಕಳಿಸು ನೋಡೋಣ’ ಅಂದರು. ಅದು ನನ್ನ ಖರ್ಚಿನ ಲೆಕ್ಕ, ನಿಮ್ಮದು ಆರು ತಿಂಗಳ ಸ್ಟೇಟ್‌ಮೆಂಟ್ ತನ್ನಿ ಅಂದೆ. ಭಾನುವಾರ ತರುತ್ತಾರಂತೆ. ನಾನು ಎಫ್‌ಡಿ ಬಿಡಿಸಿಕೊಂಡು ಅದೇ ಕಾರ್ಡನ್ನು ಮಾಮೂಲಿ ಕಾರ್ಡ್ ಮಾಡಿಕೊಡಿ ಅಂತ ಬ್ಯಾಂಕಿಗೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.