ಹಂಗೇರಿಯನ್ ಭಾಷೆಯ ಸ್ಥಳವಾಚಕ ಪರಸರ್ಗಗಳನ್ನು ಕನ್ನಡದ ಮೂಲಕ ಕಲಿಯುವ ಬಗೆ

ಪುಣೆಯಲ್ಲಿದ್ದು ಹಂಗೇರಿಯನ್ ಕಲಿಯುವ ಕನ್ನಡಿಗರು ಸ್ಥಳ ಸೂಚಿಸುವ ಪದಗಳಿಗೆ ಇಂಗ್ಲಿಷಿನ ದಾರಿ ಹಿಡಿಯಬೇಕಾಗಿಲ್ಲ. ಆ ಭಾಷೆಯಲ್ಲಿಯೂ ಇವು ನಾಮಪದದ ನಂತರವೇ ಬರುತ್ತವೆ; ಹೀಗೆ ನಂತರ ಬರುವ ಪದಗಳೇ ಪರಸರ್ಗಗಳು. ಮೊದಲು ‘ಮಗ್ಗುಲಲ್ಲಿ, ಮಗ್ಗುಲಿಗೆ, ಮಗ್ಗುಲಿಂದ’ ಎಂಬ ಮೂರು ರೂಪಗಳನ್ನು ನೆನೆಯಿರಿ. ಇವಕ್ಕೆ ಸಮಾನವಾದವು ಮೆಲ್ಲೆತ್ತ್, ಮೆಲ್ಲೇ, ಮೆಲ್ಲೋಲ್. ಕೊನೆಯದರ ದೀರ್ಘ ಸ್ವರವನ್ನು ತುಟಿ ದುಂಡಾಗಿಸಿ ‘ಏ’ ಎಂದಂತೆ ನುಡಿಯಬೇಕು.

ನಮ್ಮ ಮಗ್ಗುಲಿನಂತೆ ಅವರ ಪದದ ಮೂಲವೂ ದೇಹದಲ್ಲೇ ಇದೆ: ಮೆಲ್ಲ್ ಎಂದರೆ ಎದೆ. ಅದಕ್ಕೆ ಇರುವಿಕೆಯನ್ನು ಹೇಳುವ ‘ತ್ತ್’, ಕಡೆಗೆ ಸಾಗುವುದನ್ನು ಹೇಳುವ ದೀರ್ಘ ಸ್ವರ, ಅಲ್ಲಿಂದ ಹೊರಡುವುದನ್ನು ಹೇಳುವ ‘ಲ್’ ಎಂಬ ಹಳೆಯ ಪ್ರತ್ಯಯಗಳು ಸೇರಿವೆ. ‘ತ್ತ್’ ಇಂದು ಹೊಸ ಪದಗಳಿಗೆ ಹತ್ತುವುದಿಲ್ಲ. ಪೇಚ್ ನಗರದಲ್ಲಿ ಎನ್ನುವ ಪೇಚೆತ್ತ್‌ನಂಥ ಕೆಲವು ರೂಪಗಳಲ್ಲಷ್ಟೇ ಉಳಿದಿದೆ. ಇದಕ್ಕೆ ಪ್ರತಿಯಾಗಿ ಕೆಲವು ಪರಸರ್ಗಗಳು ನಾಮಪದಕ್ಕೆ ಅಂಟಿ ವಿಭಕ್ತಿಗಳಾದವು: 1055ರ, ಹಂಗೇರಿಯ ತಿಹಾನಿ ಮಠದ ಶಾಸನಪತ್ರದಲ್ಲಿ ‘ಮೇಲಕ್ಕೆ, ಕಡೆಗೆ’ ಎಂಬರ್ಥದಲ್ಲಿ ‘ರೆಅ’ ಎಂದಿದ್ದದ್ದು ಇಂದು ‘ರ’ ಅಥವಾ ‘ರೆ’ ಆಗಿದೆ.

ಈಗ ಒಂದು ವಾಕ್ಯವನ್ನು ತಿರುಗಿಸಿ ನೋಡಿ. ಕೋಥರೂಡಿನ ಯಾವುದಾದರೂ ಮರದ ಬಳಿ ನಿಂತ ರಿಕ್ಷಾ ಸಾಕು. ಅನುಕೂಲಕ್ಕೆ ಹಂಗೇರಿಯನ್ನರೂ ಅದನ್ನು ರಿಕ್ಷ ಎಂದೇ ಕರೆಯುತ್ತಾರೆ. ‘ಅ ರಿಕ್ಷ ಅ ಫ ಮೆಲ್ಲೆತ್ತ್ ಆಲ್’ ಎಂದರೆ ರಿಕ್ಷಾ ಮರದ ಮಗ್ಗುಲಲ್ಲಿ ನಿಂತಿದೆ. ‘ಮೆಲ್ಲೇ ಆಲ್’ ಎಂದರೆ ಮಗ್ಗುಲಿಗೆ ಬಂದು ನಿಲ್ಲುತ್ತದೆ. ‘ಮೆಲ್ಲೋಲ್ ಇಂದುಲ್’ ಎಂದರೆ ಅಲ್ಲಿಂದ ಹೊರಡುತ್ತದೆ. ಕ್ರಿಯಾಪದ ಒಂದೇ ಆಗಿದ್ದರೂ ಪರಸರ್ಗವೇ ಅರ್ಥವನ್ನು ಬದಲಿಸುತ್ತದೆ ಎಂಬುದನ್ನು ಮೊದಲೆರಡು ವಾಕ್ಯಗಳಲ್ಲಿ ಗಮನಿಸಿ.

‘ಮರದ’ ಎಂಬ ಷಷ್ಠಿ ಇಲ್ಲಿ ಬೇಡ; ಮರ ಎಂಬರ್ಥದ ಫ ಎಂಬ ಪದ ಬರಿದಾಗಿಯೇ ನಿಲ್ಲುತ್ತದೆ. ಹೆಚ್ಚು ಎಡವುವುದು ‘ಕೆಳಗೆ’ ಎಂಬಲ್ಲಿ: ಬೆಕ್ಕು ಮೇಜಿನ ಕೆಳಗೆ ಮಲಗಿದರೂ ಕೆಳಗೆ ಓಡಿದರೂ ನಮಗೆ ರೂಪ ಒಂದೇ, ಮರಾಠಿಯ ‘ಖಾಲೀ’ ಕೂಡ ಹಾಗೆಯೇ. ಹಂಗೇರಿಯನ್‌ನಲ್ಲಿ ಮಲಗಿದರೆ ಅಲತ್ತ್, ಓಡಿದರೆ ಅಲಾ, ಹೊರಬಂದರೆ ಅಲೋಲ್. ಹೀಗಾಗಿ ‘ಕೆಳಗೆ’ ಎನ್ನುವ ಮುನ್ನ ಎಲ್ಲಿ, ಎಲ್ಲಿಗೆ ಎಂದು ಕೇಳಿಕೊಳ್ಳಿ.

‘ನನ್ನ ಮಗ್ಗುಲಲ್ಲಿ’ ಎನ್ನಲು ಪರಸರ್ಗಕ್ಕೇ ಪ್ರತ್ಯಯ ಹಚ್ಚಿ ಮೆಲ್ಲೆತ್ತೆಮ್ ಎನ್ನಬೇಕು. ‘ಈ ಮರದ ಕೆಳಗೆ’ ಎನ್ನುವಾಗ ಮಾತ್ರ ಪರಸರ್ಗ ಎರಡು ಸಲ ಬರುತ್ತದೆ: ‘ಎಝ್ ಅಲತ್ತ್ ಅ ಫ ಅಲತ್ತ್’. ಕಿವಿಗೆ ಪುನರುಕ್ತಿಯೆನಿಸಿದರೂ ಒಂದನ್ನು ಬಿಟ್ಟರೆ ವಾಕ್ಯ ತಪ್ಪಾಗುತ್ತದೆ.