ರಿಬಂದರಿನ ಅಂಗಳದಲ್ಲಿ ಹಾಯಿದೋಣಿ

ದೋಣಿ ಕಟ್ಟೋಕೆ ಬಡಗಿ ಕೆಲಸ ಗೊತ್ತಿರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಗೋವಾದ ರಿಬಂದರಿನ ಮನೆ ಅಂಗಳದಲ್ಲಿ ನಾನು ಕಟ್ಟಿದ ಹಾಯಿದೋಣಿಯಲ್ಲಿ ಬಡಗಿ ಕೆಲಸ ಕಡಿಮೆ, ಅಂಟಿನ ಕೆಲಸವೇ ಜಾಸ್ತಿ. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ಹಾಕಿ ಬೆಸೆಯುವ ವಿಧಾನ. ಬ್ರಿಟನ್ನಿನಲ್ಲಿ 1963ರಲ್ಲಿ ಬಂದ ‘ಮಿರರ್’ ದೋಣಿಯನ್ನೂ ಜನ ಹೀಗೇ ಹಲಗೆ ಹೊಲಿದು ಮನೆಯಲ್ಲಿ ಕಟ್ಟಿಕೊಂಡರು. ನನ್ನದೂ ಹೆಚ್ಚುಕಡಿಮೆ ಅಷ್ಟೇ ಉದ್ದ, 11 ಅಡಿ.

ಅಂಗಡಿಯಲ್ಲಿ ಕೇಳಿದರೆ ಎಲ್ಲ ಪ್ಲೈವುಡ್ಡೂ ‘ವಾಟರ್‌ಪ್ರೂಫ್’! ಸುಮ್ನೆ ನಂಬಬೇಡಿ. ಹಲಗೆ ಮೇಲೆ ಐಎಸ್ 710 ಅನ್ನುವ ಭಾರತೀಯ ಮಾನಕದ ಮುದ್ರೆ ಇದ್ದರೆ ಅದು ದೋಣಿಗೆ ಆಗುವ ಮರೀನ್ ಪ್ಲೈ. ಐಎಸ್ 303 ಅಡುಗೆಮನೆ ಕಪಾಟಿಗೆ ಸಾಕು, ಹೊಳೆಗೆ ಬೇಡ. ನಾನು ತಂದಿದ್ದು 6 ಮಿ.ಮೀ. ದಪ್ಪದ್ದು.

ಹಲಗೆ ಸಿಗೋದು 8 ಅಡಿ. ಹಾಗಾಗಿ ಜೋಡಿಸಲೇಬೇಕು. ಎರಡೂ ಹಲಗೆಗಳ ತುದಿಯನ್ನು ರಂದಾ ಹೊಡೆದು ಇಳಿಜಾರು ಮಾಡಿ, ಒಂದರ ಮೇಲೊಂದು ಕೂರಿಸಿ ಅಂಟಿಸಬೇಕು. ಇಳಿಜಾರಿನ ಉದ್ದ ಹಲಗೆ ದಪ್ಪದ ಎಂಟು ಪಟ್ಟು, ಅಂದರೆ 48 ಮಿ.ಮೀ. ರಂದಾ ಎಳೆದ ಹಾಗೆ ಪ್ಲೈನ ಪದರಗಳು ಪಟ್ಟೆ ಪಟ್ಟೆಯಾಗಿ ಕಾಣುತ್ತವೆ. ಪಟ್ಟೆ ನೆಟ್ಟಗಿದ್ದರೆ ಇಳಿಜಾರು ಸರಿ ಇದೆ ಅಂತ. ಸೊಟ್ಟಗಾದ ಕಡೆ ಇನ್ನೊಂದು ಸಲ ಎಳೆದರಾಯ್ತು.

ಇದಕ್ಕೆ ಮಾತ್ರ ಬಾಗಲಕೋಟೆ ಕಡೆಯ ಬಡಿಗೇರರೊಬ್ಬರನ್ನು ಕರೆದಿದ್ದೆ. ಅಂಚಿನಿಂದ ಬೆರಳಗಲ ಬಿಟ್ಟು ತೂತು ಕೊರೆದು, ತಂತಿ ಪೋಣಿಸಿ, ನಾನು ಇಕ್ಕಳದಲ್ಲಿ ತಿರುಚೋದು ನೋಡಿ “ಒಂದ ಮೊಳಿ ಇಲ್ದ ಎಂಥಾ ದೋಣಿರೀ ಸರ ಇದು?” ಅಂತ ನಕ್ಕರು. ತಂತಿ ಬಿಗಿಯಾಗುತ್ತಾ ಚಪ್ಪಟೆ ಹಲಗೆಗಳು ಬಾಗಿ ಎದ್ದು ದೋಣಿಯಾದಾಗ, ಅವರೇ ಅದರ ಸುತ್ತ ತಿರುಗಿ ತಿರುಗಿ ನೋಡಿದರು.

ಆಮೇಲೆ ಶುರು ಅಂಟಿನ ಕಾಟ. ಎಪಾಕ್ಸಿಗೆ ಮರದ ನುಣ್ಣನೆ ಪುಡಿ ಕಲಸಿ, ಒಳಮೂಲೆಗೆ ತುಂಬಿ, ಚಮಚದ ಬೆನ್ನಿನಲ್ಲಿ ದುಂಡಗೆ ಎಳೆಯಬೇಕು. ಅದರ ಮೇಲೆ ಗ್ಲಾಸ್ ಫೈಬರ್ ಪಟ್ಟಿ. ಏಪ್ರಿಲ್ ಸೆಕೆಯಲ್ಲಿ ಡಬ್ಬಿ ತುಂಬ ಕಲಸಿಟ್ಟರೆ ಅದು ತಾನಾಗೇ ಕಾದು ಹೊಗೆ ಬಿಡುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ ಅಗಲ ತಟ್ಟೆಗೆ ಸುರಿದುಕೊಳ್ಳಿ, ಶಾಖ ಒಳಗೆ ಕೂಡಿಕೊಳ್ಳುವುದಿಲ್ಲ. ಮಳೆಗಾಲದ ತೊಂದರೆ ಬೇರೆ. ಗಾಳಿಯ ತೇವಕ್ಕೆ ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಮೊದಲು ನೀರು ಹಾಕಿ ತಿಕ್ಕಿ ತೊಳೆಯಬೇಕು, ಆಮೇಲೆ ಸ್ಯಾಂಡ್‌ಪೇಪರ್. ಉಲ್ಟಾ ಮಾಡಿದರೆ ಮುಂದಿನ ಲೇಪ ಕಚ್ಚುವುದಿಲ್ಲ. ಕೊನೆಗೆ ಬಣ್ಣ ಹೊಡೆಯಲೇಬೇಕು, ಎಪಾಕ್ಸಿಗೆ ಬಿಸಿಲು ಆಗಿಬರುವುದಿಲ್ಲ. ಮಾಸ್ಕ್, ಗ್ಲೌಸ್ ಇಲ್ಲದೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ.

ಮರಕ್ಕೆ ಅಂಟು ಮೆತ್ತಿದ್ದು ಆಟಿಕೆ ಅನ್ನುವವರಿಗೆ ನಾನು ಎದುರಿನ ದಿವಾರ್ ದ್ವೀಪ ತೋರಿಸುತ್ತೇನೆ. 2009ರಲ್ಲಿ ನೌಕಾಪಡೆ ಸೇರಿದ 56 ಅಡಿಯ ಹಾಯಿದೋಣಿ ‘ಮ್ಹಾದೇಯಿ’ (ನಮ್ಮ ಮಹದಾಯಿಯ ಹೆಸರೇ) ತಯಾರಾದದ್ದು ಅಲ್ಲೇ. ಅದರ ಒಡಲೂ ಮರದ ಪಟ್ಟಿ, ಎಪಾಕ್ಸಿ, ಗ್ಲಾಸ್ ಫೈಬರ್. ನೌಕಾಪಡೆಯ ಅಧಿಕಾರಿ ದಿಲೀಪ್ ದೊಂಡೆ ಅದರಲ್ಲಿ ಒಬ್ಬರೇ ಭೂಮಿ ಸುತ್ತಿ 2010ರಲ್ಲಿ ವಾಪಸ್ ಬಂದರು.

ನಾನು ಹೋಗೋದು ಹಳೇ ಗೋವಾ ತನಕ ಅಷ್ಟೇ. ಮಧ್ಯಾಹ್ನದ ಸಮುದ್ರದ ಗಾಳಿ ಅತ್ತ ತಳ್ಳುತ್ತದೆ, ವಾಪಸ್ ಬರುವಾಗ ಅದೇ ಗಾಳಿಗೆ ಎದುರಾಗಿ ಆ ದಡ ಈ ದಡ ಮಾಡುತ್ತಾ ಬರಬೇಕು. ಅದಕ್ಕೇ ಉಬ್ಬರ ಮುಗಿದು ಇಳಿತ ಶುರುವಾಗುವ ಹೊತ್ತು ನೋಡಿ ಹೊರಡುತ್ತೇನೆ. ಬರುವಾಗ ಮಾಂಡವಿ ಹೊಳೆಯೇ ಮನೆ ಕಡೆ ಎಳೆಯುತ್ತದೆ. ಚೊಡಾಣ್ ದ್ವೀಪದ ಫೆರಿ ಅಡ್ಡ ಬಂದರೆ ದಾರಿ ಬಿಟ್ಟುಬಿಡಿ, ಅವರು ನಿಲ್ಲಿಸುವುದಿಲ್ಲ.